ರಸ್ತೆ ಸೀನಿನ ಕೆಳಗಿನ ಅರ್ಧ

ನಮ್ಮೂರಿನಲ್ಲಿ ಯಾರಿಗೂ ಏನನ್ನೂ ಕೊಡದೆ ಐವತ್ತೆಂಟು ವರ್ಷ ಬದುಕಿದವನು ನಾನೊಬ್ಬನೇ. ಅದಕ್ಕೇ ಹನ್ನೆರಡು ವರ್ಷದ ಹಿಂದೆಯೇ ನನಗೆ ಪುರಸಭೆಯಲ್ಲಿ ಕೈಹಿಡಿಯುವವನ ಕೆಲಸ ಸಿಕ್ಕಿತ್ತು. ಅರ್ಜಿಯಲ್ಲಿ ಒಂದೇ ಒಂದು ಪ್ರಶ್ನೆ ಇತ್ತು: ಇಲ್ಲಿಯವರೆಗೆ ಏನಾದರೂ ಕೊಟ್ಟಿದ್ದೀರಾ? ಅರ್ಜಿ ಹಾಕಲು ಬಂದವರಲ್ಲಿ ಒಬ್ಬನಿಗೆ ಯಾರಿಗೋ ಕೊಟ್ಟ ಹಳೇ ಚಾದರ ನೆನಪಾಯಿತು, ಇನ್ನೊಬ್ಬನಿಗೆ ಪಕ್ಕದ ಮನೆಯ ಹುಡುಗಿಗೆ ಕೊಟ್ಟ ಪಾಟಿ ನೆನಪಾಯಿತು. ಅವರೆಲ್ಲ ಎದ್ದು ಹೋದರು. ನಾನು 'ಇಲ್ಲ' ಎಂದು ಬರೆದೆ. ನಮ್ಮ ಓಣಿಯವರು ಬಂದು, ಈ ಬಾಳಪ್ಪ ಎಂಜಲು ಕೈಯಲ್ಲಿ ಕಾಗೆ ಓಡಿಸಿದವನಲ್ಲ ಎಂದು ಸಾಕ್ಷಿ ಹೇಳಿದರು. ಜೀವನದಲ್ಲಿ ನನಗೆ ಸಿಕ್ಕ ಒಂದೇ ಸರ್ಟಿಫಿಕೇಟು ಅದು.

ನಮ್ಮೂರಿನಲ್ಲಿ ಕೊಟ್ಟದ್ದು ಕೊಟ್ಟವರಿಗೆ ಕಾಣುವುದಿಲ್ಲ. ಉಳಿದವರಿಗೆಲ್ಲ ಕಾಣುತ್ತದೆ, ಅವರಿಗೆ ಮಾತ್ರ ಕಾಣುವುದಿಲ್ಲ. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಬೇರೆ ಊರುಗಳಲ್ಲಿ ಬುದ್ಧಿ ಹೇಳುತ್ತಾರಂತೆ. ನಮ್ಮಲ್ಲಿ ಆ ಬುದ್ಧಿವಾದದ ಅಗತ್ಯ ಬಿದ್ದಿಲ್ಲ. ಬ್ಯಾಂಡಿನವರಿಗೆ ಕೆಂಪು ಪ್ಯಾಂಟು ಹೊಲಿಸಿಕೊಟ್ಟ ಜವಳಿ ಅಂಗಡಿಯವರು ಮೆರವಣಿಗೆ ಬಂದಾಗಲೆಲ್ಲ ಆಕಾಶ ನೋಡುತ್ತ ನಿಲ್ಲುತ್ತಾರೆ. ಹೊಸಬರು ಅವರನ್ನು ದೊಡ್ಡ ದೈವಭಕ್ತರು ಎಂದುಕೊಳ್ಳುತ್ತಾರೆ. ಕೊಟ್ಟದ್ದು ಹಾಡಾದರೆ ಕಿವಿಗೆ ಕೇಳಿಸುವುದಿಲ್ಲ. ಬಡವರ ಮಕ್ಕಳಿಗೆ ಪುಕ್ಕಟೆ ಸಂಗೀತ ಹೇಳಿಕೊಡುವ ಅಂಬಕ್ಕನವರು ಮಕ್ಕಳ ಕುತ್ತಿಗೆಯ ನರ ನೋಡಿ ತಪ್ಪು ಹಿಡಿಯುತ್ತಾರೆ. ಜಾಣರು ಮಾತ್ರ ದೂರ ದೇಶಕ್ಕೆ ಕೊಡುತ್ತಾರೆ. ಎಲ್ಲೋ ಭೂಮಿ ನಡುಗಿದ ಊರಿಗೆ ಕಂಬಳಿ, ಎಲ್ಲೋ ಕಡಲಾಚೆಯ ಶಾಲೆಗೆ ಪುಸ್ತಕ. ಅಲ್ಲಿಗೆ ಹೇಗೂ ಹೋಗುವುದಿಲ್ಲವಲ್ಲ, ಕಣ್ಣಿಗೆ ನಷ್ಟವಿಲ್ಲ.

ಮನಸ್ಸಿಲ್ಲದೆ ಕೊಟ್ಟರೆ ಕಾಣುತ್ತಲೇ ಇರುತ್ತದೆ. ಹಿಂದಿನ ಪುರಸಭೆ ಅಧ್ಯಕ್ಷರೊಬ್ಬರು ಚೌಕದಲ್ಲಿ ಗಡಿಯಾರದ ಕಂಬ ಕಟ್ಟಿಸಿ, ಹೆಸರು ಕೆತ್ತಿಸಿ, ಹಾರ ಹಾಕಿಸಿಕೊಂಡರು. ಹಾರ ಹಾಕಿಕೊಂಡೇ ತಲೆ ಎತ್ತಿ ಗಡಿಯಾರ ನೋಡಿ ತಮ್ಮ ಕೈಗಡಿಯಾರದ ಮುಳ್ಳು ತಿರುಗಿಸಿಕೊಂಡರು. ಜನ ಚಪ್ಪಾಳೆ ಹೊಡೆದು ಮನೆಗೆ ಹೋದರು. ಮರುದಿನ ಆ ಹೆಸರಿನ ಮೇಲೆ ಯಾರೋ ಸುಣ್ಣ ಬಳಿದಿದ್ದರು.

ಆದ್ದರಿಂದ ಊರಿನಲ್ಲಿ ಬಹಳ ಕೊಟ್ಟವರು ಒಬ್ಬೊಬ್ಬರೇ ಓಡಾಡುವಂತಿಲ್ಲ, ತಾವೇ ಕಟ್ಟಿಸಿದ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾರೆ. ಅವರ ಕೈ ಹಿಡಿದು ನಡೆಸಲು ಎಲ್ಲವೂ ಕಾಣುವವನೊಬ್ಬ ಬೇಕು. ಆ ಎಲ್ಲವೂ ಕಾಣುವವನು ನಾನು. ಹನ್ನೆರಡು ವರ್ಷ ನಾನು ಹೆಚ್ಚಾಗಿ ಹಿಡಿದದ್ದು ರಾಚಪ್ಪ ಸಾಹುಕಾರರ ಕೈಯನ್ನು. ಅವರಷ್ಟು ಕೊಟ್ಟವರು ನಮ್ಮಲ್ಲಿ ಇಲ್ಲ. ಶಾಲೆ, ವಾಚನಾಲಯ, ಆಸ್ಪತ್ರೆಯ ಮಂಚಗಳು, ನಾಟಕದ ಥಿಯೇಟರು, ಹಳ್ಳದ ಮೇಲಿನ ಸೇತುವೆ ಎಲ್ಲ ಅವರವೇ. ಅವರ ಪಾಲಿಗೆ ಊರು ಎಂದರೆ ಅಲ್ಲಲ್ಲಿ ನಾಲ್ಕು ಮನೆಗಳಿರುವ ಬಯಲು. ಶಾಲೆಯ ಮಾಳಿಗೆಯಲ್ಲಿ ಏಳನೆಯ ತರಗತಿಯವರು ಆಕಾಶದಲ್ಲಿ ಕುಳಿತು ಮಗ್ಗಿ ಹೇಳುವುದನ್ನು ಅವರು ದಿನಾ ನೋಡುತ್ತಿದ್ದರು.

ಸೇತುವೆ ದಾಟುವುದೇ ಕಷ್ಟದ ಕೆಲಸವಾಗಿತ್ತು. ಅವರಿಗೆ ಕಾಲ ಕೆಳಗೆ ನೀರಷ್ಟೇ ಕಾಣುತ್ತಿತ್ತು. ದಡಕ್ಕೆ ಬಂದು ನಿಂತು, ಕಣ್ಣು ಮುಚ್ಚಿ, ದಿನಾ ಕೇಳುತ್ತಿದ್ದರು: "ಐತೇನೋ?"

"ಐತ್ರಿ, ನಡೀರಿ," ಎನ್ನುತ್ತಿದ್ದೆ.

ದಾಟಿದ ಮೇಲೆ ಶಾಲೆಯ ಬಗ್ಗೆ ವಿಚಾರಿಸುತ್ತಿದ್ದರು. "ಸಾಲಿ ಬಣ್ಣ ಹೆಂಗೈತಿ?"

"ಹೊಸದಾಗಿ ಹಚ್ಚ್ಯಾರ್ರಿ. ಕಣ್ಣಿಗೆ ತಂಪಾಗೈತಿ."

ಶಾಲೆಯ ಬಣ್ಣ ಉದುರಿ ಇಟ್ಟಿಗೆ ಕಾಣುತ್ತಿತ್ತು. ಆದರೆ ಸುಳ್ಳು ಹೇಳುವುದಕ್ಕೆ ನನ್ನ ಕೈಯಿಂದ ಏನೂ ಹೋಗುತ್ತಿರಲಿಲ್ಲ, ಮುದುಕರಿಗೆ ಸಮಾಧಾನವಾಗುತ್ತಿತ್ತು. ನನ್ನಂಥವನು ಮಾಡಬಹುದಾದ ಉಪಕಾರ ಅಷ್ಟೇ.

ನನ್ನ ಮನೆಯ ವಿಷಯ ಹೇಳಬೇಕು. ಒಂದೇ ಕೋಣೆ, ಮದುವೆಯಾಗಲಿಲ್ಲ. ಮದುವೆ ಎಂದರೆ ಕೊಡುವುದೇ ಬಹಳ. ನಮ್ಮಪ್ಪ ಫಕೀರಪ್ಪ ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದ. ಕಾಡು, ಅರಮನೆ, ರಸ್ತೆ, ಎಲ್ಲ ಸೀನೂ ಅವನ ಕೈಯದೇ. ಕಂಪನಿ ಮುಳುಗಿದಾಗ ಸಂಬಳದ ಬದಲು ಅವನಿಗೆ ರಸ್ತೆ ಸೀನಿನ ಪರದೆ ಸಿಕ್ಕಿತು. ಹದಿನೈದು ಅಡಿ ಎತ್ತರದ ಪರದೆ, ನಮ್ಮ ಮನೆಯ ಮಾಡು ಎಂಟಡಿ. ತೊಲೆಗೆ ಕಟ್ಟಿದರೆ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು, ಕೆಳಗಿನ ಅರ್ಧ ಬಿದಿರಿಗೆ ಸುತ್ತಿಕೊಂಡು ನೆಲದ ಮೇಲೆ ಇರುತ್ತಿತ್ತು. ಕಾಣುವ ಅರ್ಧದಲ್ಲಿ ಒಂದು ಓಣಿ, ಹಂಚಿನ ಮನೆಗಳು, ಮುಂದೆ ಎತ್ತರದ ಜಗಲಿಯ ಮೇಲೆ ಒಂದು ತೆರೆದ ಬಾಗಿಲು. ಬಾಗಿಲಲ್ಲಿ ನಮ್ಮವ್ವ ನಿಂತಿದ್ದಾಳೆ. ಅವಳ ಬೇರೆ ಚಿತ್ರ ಎಲ್ಲಿಯೂ ಇಲ್ಲ. ಸ್ವಲ್ಪ ಬಾಗಿದ್ದಾಳೆ, ಎಡಗೈ ಕೆಳಗೆ ಇಳಿದು ಬಿದಿರಿನ ಸುರುಳಿಯೊಳಗೆ ಹೋಗುತ್ತದೆ. ಆ ಕೈಯಲ್ಲಿ ಏನಿದೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. "ಏನಿಲ್ಲ, ಬರೀ ಪಾವಟಿಗಿ," ಎಂದಿದ್ದ ಅಪ್ಪ. ನೆಲಕ್ಕೆ ಹಾಸಿದರೆ ಬಣ್ಣ ಉದುರುತ್ತದೆ, ಹದಿನೈದು ಅಡಿಯ ಗೋಡೆ ಹುಡುಕಿಕೊಂಡು ಊರಲ್ಲಿ ತಿರುಗಿದರೆ ಹತ್ತು ಜನ ನೋಡುತ್ತಾರೆ, ನೋಡಿದವರು ಕೇಳುತ್ತಾರೆ. ಮೆಟ್ಟಿಲು ನೋಡಿ ನನಗೇನಾಗಬೇಕು ಎಂದು ಸುಮ್ಮನಿದ್ದೆ.

ಅವ್ವ ಸತ್ತಾಗ ನನಗೆ ಆರು ವರ್ಷ. ಅವಳದು ಒಂದೇ ಒಂದು ನೆನಪಿದೆ. ನನ್ನ ಅಂಗಿಗೆ ಗುಂಡಿ ನಿಲ್ಲುತ್ತಿರಲಿಲ್ಲ, ಅವಳು ತನ್ನ ತಲೆಯ ಪಿನ್ನು ತೆಗೆದು ಅಂಗಿಗೆ ಚುಚ್ಚುತ್ತಿದ್ದಳು. ಅದು ಎದೆಗೆ ತಾಗಿ ಗೀರುತ್ತಿತ್ತು. ಆ ಗೀರು ಈಗಲೂ ಇದೆ. ಈ ಪಿನ್ನಿನ ಸಂಗತಿಯನ್ನೂ ನಾನು ಯಾರಿಗೂ ಹೇಳಿರಲಿಲ್ಲ. ಹೇಳುವುದೂ ಒಂದು ತರಹ ಕೊಡುವುದೇ.

ಮೂರು ವರ್ಷದ ಹಿಂದೆ ಸಂತೆ ಮೈದಾನದ ಹಿಂದೆ ಗುಡಾರದವರು ಬಂದು ಇಳಿದರು. ಅವರ ಊರು ಹತ್ತು ವರ್ಷದ ಹಿಂದೆಯೇ ನೀರಿನಡಿ ಹೋಗಿತ್ತು, ಅಂದಿನಿಂದ ಊರೂರಲ್ಲಿ ಗುಡಾರ ಹಾಕಿಕೊಂಡಿದ್ದರು. ನಲವತ್ತು ಮಕ್ಕಳಿದ್ದರು. ಶಾಲೆಯವರು ಬೇಡ ಅನ್ನಲಿಲ್ಲ, ಒಂದೊಂದು ಬೆಂಚಿನಲ್ಲಿ ಆರಾರು ಜನ ಕುಳಿತದ್ದನ್ನು ತೋರಿಸಿದರು ಅಷ್ಟೇ. ಗುಡಾರದವರಲ್ಲಿ ಓದು ಕಲಿತಿದ್ದವಳು ಹುಲಿಗೆಮ್ಮ ಒಬ್ಬಳು. ತಾಡಪಾಲಿನ ಕೆಳಗೆ ಅವಳೇ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮಳೆ ಬಂದ ದಿನ ರಜೆ, ಗಾಳಿ ಬಂದ ದಿನ ತಾಡಪಾಲು ಹುಡುಕುವ ಕೆಲಸ. ಒಂದು ಬೆಳಿಗ್ಗೆ ಅವಳು ರಾಚಪ್ಪನವರ ಜಗಲಿಗೆ ಬಂದು ಅವರ ಹತ್ತಿ ಗೋದಾಮನ್ನು ಶಾಲೆಗೆ ಕೇಳಿದಳು.

ಗೋದಾಮು ಅವರ ಮನೆಯ ಎದುರಿಗೇ ಇತ್ತು. ಹತ್ತಿ ವ್ಯಾಪಾರ ನಿಂತು ಎಷ್ಟೋ ವರ್ಷವಾಗಿ ಖಾಲಿ ಬಿದ್ದಿತ್ತು. ಆದರೆ ಸಾಹುಕಾರರು ಹನ್ನೆರಡನೆಯ ವಯಸ್ಸಿನಲ್ಲಿ ಮೊದಲ ಹತ್ತಿ ಅಂಡಿಗೆ ಹೊತ್ತದ್ದು ಆ ಗೋದಾಮಿನಲ್ಲಿ, ಹಮಾಲನಾಗಿ. ತಾವು ದುಡಿದದ್ದರಲ್ಲಿ ಅವರ ಕಣ್ಣಿಗೆ ಇನ್ನೂ ಕಾಣುತ್ತಿದ್ದುದು ಅದೊಂದೇ. ಬೆಳಿಗ್ಗೆ ಎದ್ದು ಜಗಲಿಗೆ ಬಂದು ಅದನ್ನು ನೋಡುತ್ತ ಚಹಾ ಕುಡಿಯುತ್ತಿದ್ದರು.

"ಕೊಡಬಾರದು ಅಂತಲ್ಲವ್ವ," ಎಂದರು ರಾಚಪ್ಪನವರು. "ಕೊಟ್ಟ ಮ್ಯಾಲ ನಂಗೇನೂ ಕಾಣೂದಿಲ್ಲ. ಕೊಡೂಕಿಂತ ಮೊದಲ ನಿನ್ನ ಹುಡುಗ್ರು ಏನು ಕಲ್ತಾರ, ನೋಡ್ತೀನಿ. ಒಂದು ನಾಟಕ ಮಾಡಸು. ನೋಡಿ ಮನಸು ಬಂದ್ರ ಅದು ತಾನ ಮಾಯ ಆಗ್ತೈತಿ, ಬರಲಿಲ್ಲಂದ್ರ ನೀನೂ ಕೇಳಬ್ಯಾಡ, ನಾನೂ ಹೇಳೂದಿಲ್ಲ."

ಹುಲಿಗೆಮ್ಮ ಒಪ್ಪಿದಳು. ಮೂರು ದಿನದ ನಂತರ ಅವಳು ನನ್ನ ಮನೆಗೆ ಬಂದಳು. ನಾನು ಬಾಗಿಲನ್ನು ಅರ್ಧವೇ ತೆರೆದೆ. ಅವಳು ಆ ಅರ್ಧದಲ್ಲೇ ಕಣ್ಣು ಹಾಯಿಸಿ ಒಳಗೆ ತೊಲೆಯ ಕಡೆ ನೋಡಿದಳು.

"ಕಾಕಾ, ನಿಮ್ಮ ಪರದೆ ಬೇಕಾಗೈತಿ."

"ಥಿಯೇಟರಿನ್ಯಾಗ ಏಳು ಪರದೆ ಅದಾವಲ್ಲ."

"ಏಳೂ ಸಾಹುಕಾರ್ರು ಕೊಟ್ಟಾವ್ರಿ. ಅವ್ರಿಗೆ ಕಾಣೂದಿಲ್ಲ."

ಅವಳು ಹೇಳಿದ್ದು ಸರಿಯಾಗಿತ್ತು. ಪರದೆ ಅಷ್ಟೇ ಅಲ್ಲ, ಥಿಯೇಟರಿನ ಗೋಡೆಯೂ ಅವರಿಗೆ ಕಾಣುತ್ತಿರಲಿಲ್ಲ. ಹಿಂದೊಮ್ಮೆ ದೊಡ್ಡ ಕಂಪನಿಯ ನಾಟಕ ಬಂದಾಗ ಅವರ ಪಕ್ಕ ನಾನೇ ಕುಳಿತಿದ್ದೆ. ರಾಣಿಯ ಹಿಂದೆ ಹಳ್ಳದಲ್ಲಿ ಯಾರೋ ಎಮ್ಮೆಯ ಮೈ ತೊಳೆಯುವುದನ್ನು ಅವರು ಎರಡು ತಾಸು ನೋಡಿದರು. ಪಕ್ಕದಲ್ಲಿ ರಾಜ ಬೀಡಿ ಸೇದುತ್ತ ತನ್ನ ಸರದಿಗೆ ಕಾಯುವುದನ್ನೂ ನೋಡಿದರು. ಕೊನೆಗೆ ಎದ್ದು, ಎಮ್ಮೆ ಚೊಲೋ ಐತಿ ಎಂದಿದ್ದರು.

"ನಮ್ಮ ಹುಡುಗ್ರ ಹಿಂದ ಒಂದು ಓಣಿ ಕಾಣಬೇಕ್ರಿ," ಎಂದಳು ಹುಲಿಗೆಮ್ಮ. "ನಾಟಕದಾಗ ಒಂದು ಹುಡುಗಿ ಸಾಲಿಯಿಂದ ತನ್ನ ಮನಿಗೆ ಬರ್ತಾಳ, ಅಷ್ಟ ಕತಿ. ಸಣ್ಣ ಹುಡುಗ್ರು ಗುಡಾರದಾಗ ಹುಟ್ಟ್ಯಾವು. ಬಾಗಲಾ ಬಡಿಯೂದು ಹೆಂಗಂತ ನಾನ ಹೇಳಿಕೊಡಬೇಕಾತು. ಕೊಡಬ್ಯಾಡ್ರಿ, ಕಡಾ ಕೊಡ್ರಿ. ಒಂದ ಮಧ್ಯಾಹ್ನ."

ಕಡ ಎಂದರೆ ಲೆಕ್ಕಕ್ಕಿಲ್ಲ, ಕಡ ಕೊಟ್ಟದ್ದು ಕಾಣುತ್ತಲೇ ಇರುತ್ತದೆ. ಆದರೂ ನಾನು ಆಗುವುದಿಲ್ಲ ಎಂದೆ. ಅವಳು ಮರುದಿನವೂ ಬಂದಳು. ಮೊಳೆ ಹೊಡೆಯಬಾರದು, ಯಾರೂ ಮುಟ್ಟಬಾರದು, ಕಟ್ಟುವವನೂ ಬಿಚ್ಚುವವನೂ ನಾನೇ, ನಾಟಕ ಮುಗಿದ ಕೂಡಲೇ ಮನೆಗೆ ಒಯ್ಯುತ್ತೇನೆ ಎಂದು ಷರತ್ತು ಹಾಕಿದೆ. ಎಲ್ಲದಕ್ಕೂ ಹೂಂ ಎಂದಳು. ಇಷ್ಟು ಸುಲಭವಾಗಿ ಹೂಂ ಎನ್ನುವವರನ್ನು ನಾನು ನಂಬುವುದಿಲ್ಲ, ಆದರೆ ಹಾಕಲು ಬೇರೆ ಷರತ್ತು ಹೊಳೆಯಲಿಲ್ಲ. ಇನ್ನೊಂದು ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. ಥಿಯೇಟರಿನ ಮಾಡು ಇಪ್ಪತ್ತಡಿ. ಆ ಕೈಯಲ್ಲಿ ಏನಿದೆ ಎಂದು ಒಮ್ಮೆ ನೋಡಬಹುದಾಗಿತ್ತು.

ನಾಟಕದ ದಿನ ಮಧ್ಯಾಹ್ನ ಪರದೆಯನ್ನು ತೊಲೆಗೆ ಕಟ್ಟಿ, ಪೂರ್ತಿ ಸುತ್ತಿ, ಹಗ್ಗವನ್ನು ಹುಲಿಗೆಮ್ಮನ ಕೈಗೆ ಕೊಟ್ಟೆ. ಆಟ ಶುರುವಾದಾಗ ಬಿಚ್ಚಬೇಕು. ಆಮೇಲೆ ಹೋಗಿ ಮೊದಲನೆಯ ಸಾಲಿನಲ್ಲಿ ರಾಚಪ್ಪನವರ ಪಕ್ಕ ಕುಳಿತೆ. ಅವರು ತಮಗೆ ಕಾಣದ ಬೆಂಚನ್ನು ಕೈಯಿಂದ ತಡವಿ, ನಂಬಿಕೆಯ ಮೇಲೆ ಕುಳಿತರು. ಗುಡಾರದವರೆಲ್ಲ ಬಂದಿದ್ದರು. ಊರಿನವರೂ ಅರ್ಧದಷ್ಟು ಬಂದಿದ್ದರು.

ಹಗ್ಗ ಸಡಿಲಾಯಿತು, ಪರದೆ ಇಳಿಯಿತು. ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಐವತ್ತು ವರ್ಷ ಸುರುಳಿಯಾಗಿಯೇ ಇದ್ದ ಕೆಳಗಿನ ಅರ್ಧ ಒಂದಕ್ಕೊಂದು ಅಂಟಿಕೊಂಡಿತ್ತು. ಬಿದಿರು ನಡುವೆ ತೂಗುತ್ತಿತ್ತು, ಅದರ ಮೇಲೆ ಅದೇ ಓಣಿ, ಅದೇ ಬಾಗಿಲು, ಅದೇ ಅವ್ವ. ಮನೆಯಲ್ಲಿ ಕಂಡಷ್ಟೇ ಇಲ್ಲಿಯೂ ಕಂಡಿತು. ನಾನು ಏಳಲು ಹೋದೆ. ಆದರೆ ಅಷ್ಟರಲ್ಲಿ ಮಕ್ಕಳು ಬಂದುಬಿಟ್ಟರು.

ನಾಟಕ ಹೇಳಿಕೊಳ್ಳುವಂಥದ್ದಲ್ಲ. ಮಾಸ್ತರನಾದವನು ಮೀಸೆ ಬಿದ್ದೀತೆಂದು ಮೂಗು ಹಿಡಿದೇ ಮಾತಾಡಿದ. ಕೊನೆಗೆ ದುರುಗವ್ವ ಎಂಬ ಏಳು ವರ್ಷದ ಹುಡುಗಿ ಪಾಟಿ ಹಿಡಿದು ಶಾಲೆಯಿಂದ ಮನೆಗೆ ಬಂದಳು. ತಾಯಿಯ ಪಾತ್ರದ ದೊಡ್ಡ ಹುಡುಗಿ ಒಂದು ಮಗ್ಗುಲಲ್ಲಿ ಮೊರ ಹಿಡಿದು ಕಾಯುತ್ತಿದ್ದಳು. ದುರುಗವ್ವ ಅವಳ ಕಡೆ ನೋಡಲೇ ಇಲ್ಲ. ಪರದೆಯ ಮುಂದೆ ನಿಂತು ತಲೆ ಎತ್ತಿ ನಮ್ಮವ್ವನನ್ನು ನೋಡಿದಳು. ಹುಲಿಗೆಮ್ಮ ಒಳಗಿನಿಂದ ಏನೋ ಪಿಸುಗುಟ್ಟಿದಳು. ಹುಡುಗಿ ಕೇಳಿಸಿಕೊಳ್ಳಲಿಲ್ಲ. ಗಾಳಿಯಲ್ಲಿ ಬಾಗಿಲು ಬಡಿದು, ಕಾದು, ಸಾವಕಾಶವಾಗಿ ಹೇಳಿದಳು: "ಅವ್ವ, ನಾ ಬಂದೀನಿ. ಇವತ್ತ ಒತ್ತಕ್ಷರ ಕಲಿಸಿದ್ರು. ನಿನ್ನ ಹೆಸರು ಬರ್ಯಾಕ ಬರ್ತೈತಿ ನಂಗ."

ಐವತ್ತು ವರ್ಷ ನಾನು ಆ ಬಾಗಿಲಿನ ಎದುರಿಗೇ ಉಂಡು ಮಲಗಿದ್ದೆ, ಒಂದು ದಿನವೂ ಬಂದೀನಿ ಎಂದು ಹೇಳಿರಲಿಲ್ಲ. ಹೇಳುವವರ ಹತ್ತಿರ ಇರಲಿ ಅವಳು, ಎಂದುಕೊಂಡೆ. ಅಷ್ಟೇ ಅಂದುಕೊಂಡದ್ದು. ಕಣ್ಣೆದುರು ಥಿಯೇಟರಿನ ಬರಿಯ ಗೋಡೆ ಬಂತು, ಸುಣ್ಣ ಉದುರಿದ ಗೋಡೆ, ಎರಡು ಕಬ್ಬಿಣದ ಕೊಂಡಿ. ಅದೇ ಹೊತ್ತಿಗೆ ಹುಲಿಗೆಮ್ಮ ಹಗ್ಗವನ್ನು ಜೋರಾಗಿ ಜಗ್ಗಿರಬೇಕು. ಚರ್ ಎಂದು ಬಟ್ಟೆ ಬಿಚ್ಚಿಕೊಂಡ ಸದ್ದು, ನೆಲಕ್ಕೆ ಬಿದಿರು ಬಡಿದ ಸದ್ದು ಕೇಳಿಸಿತು. ಕೂತ ಜನವೆಲ್ಲ ಒಂದೇ ಸಲ ಉಸಿರೆಳೆದುಕೊಂಡರು.

ಕೆಳಗಿನ ಅರ್ಧ ಬಿಚ್ಚಿಕೊಂಡಿತ್ತು. ನನ್ನೊಬ್ಬನನ್ನು ಬಿಟ್ಟು ಎಲ್ಲರೂ ನೋಡುತ್ತಿದ್ದರು.

"ಬಾಳಪ್ಪ," ಎಂದರು ರಾಚಪ್ಪನವರು, ನನ್ನ ಕಡೆ ತಿರುಗದೆ. "ಯಾಕೋ ಅಳಾಕತ್ತಿ?"

"ಕಾಣವಲ್ದುರಿ."

ಕಾಣದಿರುವುದು ಎಂದರೆ ಏನೆಂದು ಅವರಿಗೆ ಹೇಳಬೇಕಾಗಿರಲಿಲ್ಲ. ಹನ್ನೆರಡು ವರ್ಷ ನಾನು ಹಿಡಿದ ಕೈ ಈಗ ತಾನಾಗಿ ಬಂದು ನನ್ನ ಕೈ ಹಿಡಿಯಿತು.

"ಕೇಳು ಮತ್ತ, ಹೇಳ್ತೀನಿ," ಎಂದರು. "ಜಗಲಿ ಕೆಳಗ ಮೂರು ಪಾವಟಿಗಿ ಅದಾವು. ಕೆಳಗಿನ ಪಾವಟಿಗಿ ಮ್ಯಾಲ ಒಬ್ಬ ಹುಡುಗ ನಿಂತಾನ. ಐದಾರು ವರ್ಷದಾಂವ. ನಿಮ್ಮವ್ವ ಅವನ ಕೈ ಹಿಡಿದಾಳ. ಕಿವಿ ನೋಡಿದ್ರ ನಿನ್ನವ ಅದಾವು."

ನಾಟಕ ಮುಗಿಯಿತು. ಜನ ಎದ್ದು ಹೋದರು. ಪರದೆ ಬಿಚ್ಚಲು ನಾನು ಏಳಲಿಲ್ಲ, ನನಗೆ ಕಾಣದ್ದನ್ನು ಬಿಚ್ಚುವುದು ಹೇಗೆ? ಹುಲಿಗೆಮ್ಮ ಬಂದು ಎದುರಿಗೆ ನಿಂತಳು. ನನ್ನ ಮುಖ ನೋಡಿ ಪರದೆಯ ಮಾತೆತ್ತಲಿಲ್ಲ. ರಾಚಪ್ಪನವರು ಅವಳಿಗೆ, "ಮನಿಗೆ ಹೋಗಿ ಜಗಲಿ ಮ್ಯಾಲ ಕುಂತ್ರ ಗೊತ್ತಾಗ್ತೈತಿ," ಎಂದಷ್ಟೇ ಹೇಳಿದರು.

ನಾವಿಬ್ಬರೂ ಹೊರಟೆವು. ಹಳ್ಳದ ಈಚೆಗೆ ನಿಂತರೆ ಆಚೆ ದಡದ ಮೇಲೆ ಗೋದಾಮಿನ ತಗಡಿನ ಮಾಡು ದೊಡ್ಡದಾಗಿ ಕಾಣುತ್ತದೆ. ರಾಚಪ್ಪನವರು ಆ ಕಡೆ ನೋಡಿದರು.

"ಬಾಳಪ್ಪ, ಗೋದಾಮಿನ ಹಿಂದ ಬೇವಿನ ಗಿಡ ಐತೇನು?"

"ಐತ್ರಿ. ಆದರ ಇಲ್ಲಿಂದ ಕಾಣೂದಿಲ್ಲ, ಗೋದಾಮು ಅಡ್ಡ ಬರ್ತೈತಿ."

"ನಂಗ ಕಾಣಾಕತ್ತೈತಿ," ಎಂದರು. "ದೊಡ್ಡ ಗಿಡ. ಹುಡುಗ್ರಿಗೆ ನೆರಳಾಗ್ತೈತಿ."

ನಾಲ್ಕು ಹೆಜ್ಜೆ ನಡೆದ ಮೇಲೆ ನಾನು, ನಾಳೆಯಿಂದ ಈ ಕೆಲಸ ನನಗಿಲ್ಲ ಎಂದು ತಿಳಿಸಿದೆ. ಏನಾದರೂ ಕೊಟ್ಟವನು ಕೈಹಿಡಿಯುವವನಾಗುವಂತಿಲ್ಲ, ಪುರಸಭೆಯ ನಿಯಮ ಹಾಗಿದೆ.

"ಏನೂ ಕೊಡದವ್ರು ಊರಾಗ ಬ್ಯಾರೆ ಯಾರದಾರ?"

"ಯಾರೂ ಇಲ್ರಿ."

"ಹಂಗಾದ್ರ ನೀನ ಬಾ," ಎಂದರು.

ನನ್ನ ತಲೆಯಲ್ಲಿ ಮಾತ್ರ ಬೇರೆಯೇ ಹುಳ ಕೊರೆಯುತ್ತಿತ್ತು. ಅಪ್ಪ ಬರೀ ಪಾವಟಿಗಿ ಎಂದಿದ್ದನಲ್ಲ. "ಸಾಹುಕಾರ್ರ, ಖರೇ ಹೇಳ್ರಿ. ಆ ಹುಡುಗ ಅದಾನೇನು?"

"ನೀ ನಂಗ ಇಷ್ಟು ವರ್ಷ ಖರೇ ಹೇಳೀಯೇನು? ಹನ್ನೆರಡು ವರ್ಷ ಆತು, ಸಾಲಿ ಬಣ್ಣ ದಿನಾ ಹೊಸದ ಐತಿ."

ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಕೇಳಿ, ದಿನಾ ಸಮಾಧಾನಪಟ್ಟುಕೊಂಡಿದ್ದರು. ಹಾಗಾದರೆ ಈಗ ಅವರು ನನಗೆ ಹಳೆಯ ಸಮಾಧಾನವನ್ನು ತಿರುಗಿ ಕೊಟ್ಟಿರಬಹುದು. ಕೈ ಹಿಡಿದ ಹುಡುಗ, ನನ್ನಂಥ ಕಿವಿ, ಇವನ್ನು ಯಾವ ಒಳ್ಳೆಯ ಮನುಷ್ಯನೂ ಕಟ್ಟಿ ಹೇಳಬಲ್ಲ. ನಾನಾದರೂ ಹಾಗೇ ಹೇಳುತ್ತಿದ್ದೆ. ಸೇತುವೆ ಹತ್ತಿರ ಬಂತು. ತಡೆಯಲಾರದೆ ಮತ್ತೊಂದು ಮಾತು ಕೇಳಿದೆ.

"ಅವನ ಅಂಗಿ ಹೆಂಗೈತ್ರಿ?"

"ಅಂಗಿ?" ರಾಚಪ್ಪನವರು ನಿಂತು ಯೋಚಿಸಿದರು. "ನೀಲಿ ಅಂಗಿ. ಗುಂಡಿ ಇಲ್ಲ ನೋಡು ಅದಕ್ಕ. ಎದಿ ಮ್ಯಾಲ ಹೆಣ್ಮಕ್ಕಳ ತಲಿ ಪಿನ್ನು ಚುಚ್ಚ್ಯಾರ. ನಿಮ್ಮಪ್ಪಗ ಅಷ್ಟು ಸಣ್ಣದು ಬರ್ಯಾಕ ಯಾಕ ಬೇಕಾಗಿತ್ತೋ ಏನೋ."

ನಾನು ಅಂಗಿಯ ಮೇಲಿನಿಂದ ಎದೆ ಮುಟ್ಟಿ ನೋಡಿಕೊಂಡೆ. ಅವರು ದಡದ ಅಂಚಿಗೆ ಬಂದು ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ ನಿಂತರು.

"ಐತೇನೋ?"

"ಐತ್ರಿ," ಎಂದೆ. "ನಡೀರಿ."